19 ತಿಂಗಳ ಮಗಳು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಆ್ಯಪ್ ತುಂಬಾ ಕೆಂಪು ಗುರುತು. ಕಾಯಬೇಕಾ, ಈಗಲೇ ತೋರಿಸಬೇಕಾ?

ಕತ್ರಿಗುಪ್ಪೆ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮಗಳಿಗೆ ಈಗ 19 ತಿಂಗಳು. 34 ವಾರಕ್ಕೇ ಹುಟ್ಟಿದಳು. ಎಂಟು ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಳು, ಕಾಮಾಲೆ ಇದೆ ಅಂತ ನೀಲಿ ಲೈಟಿನ ಕೆಳಗೂ ಇಟ್ಟಿದ್ದರು. ಮನೆಗೆ ಬಂದಮೇಲೆ ಏನೂ ತೊಂದರೆ ಆಗಲಿಲ್ಲ. ತೂಕ ಚೆನ್ನಾಗಿ ಏರಿತು, 15 ತಿಂಗಳಿಗೆ ನಡೆದಳು. ಅಂಬೆಗಾಲು ಮಾತ್ರ ಇಡಲೇ ಇಲ್ಲ, ಕೂತ ಹಾಗೇ ಜಾರಿಕೊಂಡು ಹೋಗುತ್ತಿದ್ದವಳು ಒಂದು ದಿನ ಸೋಫಾ ಹಿಡಿದು ಎದ್ದು ನಿಂತಳು.

ಈಗ ನನ್ನ ಚಿಂತೆ ಮಾತಿನದು. ಅಮ್ಮ ಅನ್ನುತ್ತಾಳೆ, ಟಾಟಾ ಅನ್ನುತ್ತಾಳೆ, ನೀರಿಗೆ "ನೀ" ಅನ್ನುತ್ತಾಳೆ. ಅಷ್ಟೇ ಅನ್ನಿಸುತ್ತದೆ. ಹುಟ್ಟಿದಾಗಿನಿಂದ, ಮಗುವಿನ ಬೆಳವಣಿಗೆ ಗುರುತಿಡುವ ಫೋನಿನ ಆ್ಯಪ್ ಒಂದರಲ್ಲಿ ಎಲ್ಲವನ್ನೂ ಬರೆದಿಡುತ್ತಾ ಬಂದಿದ್ದೇನೆ. ಅದರಲ್ಲಿ ಈ ತಿಂಗಳು ಮಾತಿನ ಭಾಗ ಪೂರ್ತಿ ಕೆಂಪು. ರಾತ್ರಿ ಅವಳನ್ನು ಮಲಗಿಸಿ ಅದನ್ನೇ ತೆಗೆದು ನೋಡುತ್ತಾ ಕೂರುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ಅಮ್ಮಂದಿರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಬ್ಬರು ಮೊನ್ನೆ ವಿಡಿಯೋ ಹಾಕಿದ್ದರು, ನನ್ನ ಮಗಳಿಗಿಂತ ಎರಡು ತಿಂಗಳು ಚಿಕ್ಕ ಹುಡುಗ "ಬಸ್ಸು ಬಂತು" ಅನ್ನುತ್ತಿದ್ದ. ಎಲ್ಲರೂ ಹೃದಯ ಒತ್ತಿದರು, ನಾನೂ ಒತ್ತಿದೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

ಮನೆಯಲ್ಲಿ ನಾನು ಕನ್ನಡ. ನನ್ನ ಗಂಡ, ಅತ್ತೆ ತುಳು. ನಾನು ಕೆಲಸಕ್ಕೆ ಹೋದಾಗ ನೋಡಿಕೊಳ್ಳುವ ಆಂಟಿ ತೆಲುಗು. ಪಾರ್ಕಿನಲ್ಲಿ ಆಡುವ ಮಕ್ಕಳು ಹಿಂದಿ. ಸೇರಿಸೋಣ ಅಂತ ನೋಡಿಕೊಂಡು ಬಂದ ಪ್ಲೇಹೋಮಿನವರು, "ಇಷ್ಟು ಭಾಷೆ ಇದ್ದರೆ ಮಗುವಿಗೆ ಗೊಂದಲ, ಇವತ್ತಿನಿಂದ ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ" ಅಂದರು. ಅತ್ತೆ, "ಇವಳಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟದ್ದು, ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚು" ಅನ್ನುತ್ತಾರೆ. ನಮ್ಮ ಮಕ್ಕಳ ಡಾಕ್ಟರು ಲಸಿಕೆ ಹಾಕಿಸಲು ಹೋದಾಗ ಎರಡು ನಿಮಿಷ ನೋಡಿ ಎರಡು ವರ್ಷದವರೆಗೆ ಕಾಯೋಣ ಅಂದರು.

ಯಾರ ಮಾತು ಕೇಳಲಿ? ನಿಜವಾಗಿ ತೊಂದರೆ ಇದ್ದು ನಾನು ಕಾಯುತ್ತಾ ಕೂತರೆ? ತೊಂದರೆ ಇಲ್ಲದೆ ಮಗುವನ್ನು ಆಸ್ಪತ್ರೆಗೆಲ್ಲ ಎಳೆದಾಡಿದರೆ? ಅನುಭವ ಇರುವವರು ಹೇಳಿ.

---

ವಿಜಯನಗರದ ಅಪ್ಪ ಬರೆದದ್ದು:

ಮೇಡಂ, ಬೇರೆ ಎಲ್ಲದಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಈ ವಾರವೇ.

ನನ್ನ ಮಗನ ಕಥೆ ಹೇಳುತ್ತೇನೆ. ಅವನೂ ಮಾತು ತಡ. ಗಂಡುಮಕ್ಕಳು ನಿಧಾನ ಅಂತ ಎಲ್ಲರೂ ಹೇಳಿದರು, ನಾವೂ ನಂಬಿದೆವು. ಕಿವಿ ಕೇಳಿಸುತ್ತಾ ಅಂತ ನಮಗೆ ಅನುಮಾನವೇ ಬರಲಿಲ್ಲ, ಯಾಕೆಂದರೆ ಕುಕ್ಕರ್ ಕೂಗಿದರೆ ತಿರುಗುತ್ತಿದ್ದ, ಬಾಗಿಲು ಬಡಿದರೆ ಓಡಿ ಬರುತ್ತಿದ್ದ, ನನ್ನ ಬೈಕ್ ಕೆಳಗೆ ಬಂದರೆ ಬಾಲ್ಕನಿಗೆ ಹೋಗುತ್ತಿದ್ದ. ಎರಡೂವರೆ ವರ್ಷಕ್ಕೆ ಗೊತ್ತಾಯಿತು, ಎರಡೂ ಕಿವಿಯಲ್ಲಿ ಮಧ್ಯಮ ಮಟ್ಟದ ಕೇಳ್ಮೆ ಕೊರತೆ. ಜೋರು ಸದ್ದು ಕೇಳಿಸುತ್ತಿತ್ತು, ಮಾತಿನ ಸಣ್ಣ ಅಕ್ಷರಗಳು ಕೇಳಿಸುತ್ತಿರಲಿಲ್ಲ. ಸ, ಶ, ತ, ಕ ಇಂಥವು ಅವನಿಗೆ ಗಾಳಿಯಲ್ಲಿ ಹೋಗಿಬಿಡುತ್ತಿದ್ದವು. ಮಗು ಕೇಳದ ಅಕ್ಷರವನ್ನು ಹೇಗೆ ಹೇಳೀತು?

ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸ್ ಆಗಿದ್ದ. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಹುಟ್ಟಿದಾಗ ಪಾಸಾದರೂ ಆಮೇಲೆ ಕೊರತೆ ಬರಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲೂ ಚಪ್ಪಾಳೆ ತಟ್ಟಿ ನೋಡಿ ಸರಿ ಇದೆ ಅಂದು ಕಳಿಸಿದರು. ನಮ್ಮ ಒಂದು ವರ್ಷ ಅಲ್ಲಿ ಹೋಯಿತು.

ನಿಮ್ಮ ಮಗಳು ಅವಧಿಗೆ ಮೊದಲು ಹುಟ್ಟಿದ್ದಾಳೆ. ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುನಲ್ಲಿದ್ದ ಮಕ್ಕಳ ಕಿವಿಯ ಮೇಲೆ ಕಣ್ಣಿಟ್ಟಿರಬೇಕು ಅಂತ ನಮ್ಮ ಆಡಿಯಾಲಜಿಸ್ಟ್ (ಕೇಳ್ಮೆ ಪರೀಕ್ಷಿಸುವ ತಜ್ಞರು) ಹೇಳಿದರು. ಅಲ್ಲಿ ಕೊಡುವ ಕೆಲವು ಆಂಟಿಬಯೋಟಿಕ್, ಜಾಸ್ತಿ ಏರಿದ ಕಾಮಾಲೆ, ಇವೂ ಕಿವಿಗೆ ತೊಂದರೆ ಮಾಡಬಹುದಂತೆ. ಹೆದರಿಸಲು ಹೇಳುತ್ತಿಲ್ಲ. ಹೆಚ್ಚಿನ ಮಕ್ಕಳಿಗೆ ಏನೂ ಆಗಿರುವುದಿಲ್ಲ. ಆದರೆ ಪರೀಕ್ಷೆ ಮಾಡಿಸಿದರೆ ನಿಮಗೆ ಖಚಿತವಾಗುತ್ತದೆ, ಮಗುವಿಗೆ ಸೂಜಿ ಚುಚ್ಚುವುದೂ ಇಲ್ಲ.

ನನ್ನ ಮಗನಿಗೆ ಈಗ ಆರು ವರ್ಷ. ಹಿಯರಿಂಗ್ ಏಡ್ ಹಾಕಿದ ದಿನ ಮನೆಗೆ ಬಂದು ಫ್ರಿಜ್ ಮುಂದೆ ನಿಂತುಬಿಟ್ಟಿದ್ದ. ಫ್ರಿಜ್ ಸದ್ದು ಮಾಡುತ್ತದೆ ಅಂತ ಅವನಿಗೆ ಅವತ್ತೇ ಗೊತ್ತಾದದ್ದು. ಈಗ ಬಾಯಿ ಮುಚ್ಚುವುದಿಲ್ಲ, ಆದರೂ ಕೆಲವು ಅಕ್ಷರಗಳಿಗೆ ಇನ್ನೂ ಥೆರಪಿ ನಡೆಯುತ್ತಿದೆ. ಒಂದೂವರೆ ವರ್ಷಕ್ಕೇ ಹೋಗಿದ್ದರೆ ಅನ್ನುವುದು ನನಗೆ ಇವತ್ತಿಗೂ ನೋವು.

---

ಮಾತು_ಥೆರಪಿಸ್ಟ್ ಬರೆದದ್ದು:

ನಾನು ಸ್ಪೀಚ್ ಥೆರಪಿಸ್ಟ್, ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಮೇಲಿನ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಮಾತು ತಡ ಅಂತ ಬಂದ ಯಾವ ಮಗುವನ್ನೂ ಕಿವಿ ಪರೀಕ್ಷೆ ಇಲ್ಲದೆ ನಾನು ಮುಂದಕ್ಕೆ ನೋಡುವುದಿಲ್ಲ.

ಈಗ ನಿಮ್ಮ ಆ್ಯಪ್ ವಿಷಯ. ಅದರಲ್ಲಿ ಮಗಳ ಹುಟ್ಟಿದ ದಿನ ಮಾತ್ರ ಹಾಕಿದ್ದೀರೋ, ಅಥವಾ ಡೆಲಿವರಿಗೆ ಕೊಟ್ಟಿದ್ದ ದಿನಾಂಕವನ್ನೂ ಹಾಕಿದ್ದೀರೋ? 34 ವಾರ ಅಂದರೆ ಆರು ವಾರ ಮುಂಚೆ ಬಂದವಳು. ಎರಡು ವರ್ಷ ತುಂಬುವವರೆಗೆ ಆ ಆರು ವಾರ ಕಳೆದೇ ಲೆಕ್ಕ ಹಾಕಬೇಕು. ಹಾಗೆ ನೋಡಿದರೆ ಬೆಳವಣಿಗೆಯ ಲೆಕ್ಕದಲ್ಲಿ ಅವಳಿಗೆ ಹದಿನೇಳೂವರೆ ತಿಂಗಳು. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ, ಅದನ್ನು ಬೆರೆಸಬೇಡಿ.

ಎರಡನೆಯದು, ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಅನ್ನುವ ಮೈಲ್‌ಸ್ಟೋನ್ ಪಟ್ಟಿ ಅಂದರೆ ಏನು ಅಂತ ಅರ್ಥ ಮಾಡಿಕೊಳ್ಳಬೇಕು. ಹೆಚ್ಚಿನ ಆ್ಯಪ್‌ಗಳು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಾದ ಸಿಡಿಸಿಯ ಪಟ್ಟಿಯನ್ನು ಅಲ್ಲಿ ಇಲ್ಲಿ ಬದಲಿಸಿ ಹಾಕಿಕೊಂಡಿರುತ್ತವೆ. 2022ಕ್ಕೆ ಮೊದಲು ಆ ಪಟ್ಟಿಯಲ್ಲಿ ಅರ್ಧದಷ್ಟು ಮಕ್ಕಳು ಮಾಡುವ ವಯಸ್ಸನ್ನು ಬರೆದಿರುತ್ತಿದ್ದರು. ಅಂದರೆ ಉಳಿದ ಅರ್ಧ ಮಕ್ಕಳ ಅಮ್ಮಂದಿರು ಸುಮ್ನೆ ಗಾಬರಿಯಾಗುತ್ತಿದ್ದರು, ಡಾಕ್ಟರುಗಳು "ಕಾಯೋಣ" ಅನ್ನುವುದನ್ನು ರೂಢಿ ಮಾಡಿಕೊಂಡರು. 2022ರಲ್ಲಿ ಅದನ್ನು ಬದಲಿಸಿ, ನೂರರಲ್ಲಿ 75 ಮಕ್ಕಳಾದರೂ ಮಾಡುವ ವಯಸ್ಸನ್ನು ಬರೆದರು. 15 ತಿಂಗಳು ಮತ್ತು 30 ತಿಂಗಳಿಗೆ ಹೊಸದಾಗಿ ಪಟ್ಟಿ ಸೇರಿಸಿದರು. ಅಂಬೆಗಾಲನ್ನು ಪಟ್ಟಿಯಿಂದ ತೆಗೆದೇಬಿಟ್ಟರು. ಈ ಬದಲಾವಣೆಯ ಬಗ್ಗೆ ನಮ್ಮ ವೃತ್ತಿಯಲ್ಲೇ ತಕರಾರು ಮಾಡುವವರಿದ್ದಾರೆ, ಮಾತಿನ ವಿಷಯದಲ್ಲಿ ಗೆರೆಯನ್ನು ತುಂಬಾ ಕೆಳಗೆ ಎಳೆದರು ಅಂತ. ನನಗೂ ಕೆಲವು ಕಡೆ ಹಾಗೆ ಅನ್ನಿಸುತ್ತದೆ. ಹಾಗಾಗಿಯೇ ಹೇಳುತ್ತೇನೆ, ಹೊಸ ಪಟ್ಟಿಯಲ್ಲೂ ಹಿಂದೆ ಬಿದ್ದರೆ ಕಾಯಬಾರದು.

ನಿಮ್ಮ ಮಗಳು ಅಂಬೆಗಾಲಿಡಲಿಲ್ಲ ಅಂದಿರಿ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ವರದಿ ಕೊಟ್ಟಿತು, ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು. ಅಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಕೈ ಮಂಡಿ ಊರಿ ಹೋಗಲೇ ಇಲ್ಲ, ಆದರೂ ನಡೆದರು. ತಾವಾಗಿ ನಡೆಯುವುದಕ್ಕೆ ಅವರು ಕೊಟ್ಟ ಅವಧಿ 8.2 ತಿಂಗಳಿಂದ 17.6 ತಿಂಗಳು. ಎಷ್ಟು ಅಗಲ ನೋಡಿ! ಈ ಅಗಲವನ್ನು ಆ್ಯಪ್‌ನ ಹಸಿರು ಕೆಂಪು ತೋರಿಸುವುದಿಲ್ಲ, ನನಗೆ ಅದರ ಮೇಲೆ ಇರುವ ಸಿಟ್ಟೇ ಅದು.

ಈಗ ಮಾತಿಗೆ ಬರೋಣ. ಬಾಯಿಂದ ಬರುವ ಪದ ಎಣಿಸುವುದಕ್ಕಿಂತ ಮೊದಲು ನಾನು ಮಗುವಿನ ತೋರುಬೆರಳು ನೋಡುತ್ತೇನೆ. ಬೇಕಾದದ್ದಕ್ಕೆ ಬೆರಳು ತೋರಿಸುತ್ತಾಳಾ? ಇದು 15 ತಿಂಗಳ ಹೊತ್ತಿಗೆ ಇರಬೇಕು. ಇನ್ನೊಂದು ಥರ ಇದೆ, ಅದು ಇನ್ನೂ ಮುಖ್ಯ. ಏನೂ ಬೇಡ, ಸುಮ್ನೆ "ಅಲ್ಲಿ ನೋಡು" ಅಂತ ತೋರಿಸುವುದು. ಆಕಾಶದಲ್ಲಿ ವಿಮಾನ ಹೋದರೆ ಅದನ್ನು ತೋರಿಸಿ, ತಿರುಗಿ ನಿಮ್ಮ ಮುಖ ನೋಡುತ್ತಾಳಾ? ನೀವೂ ನೋಡಿದಿರಾ ಅಂತ? 18 ತಿಂಗಳ ಹೊತ್ತಿಗೆ ಇದು ಬರಬೇಕು. ಮಾತು ಹುಟ್ಟುವುದು ಇಲ್ಲಿಂದ. ಇದು ಚೆನ್ನಾಗಿದ್ದು ಪದ ಕಡಿಮೆ ಇದ್ದರೆ ನನಗೆ ಅರ್ಧ ಸಮಾಧಾನ. ಪದ ಬೇಕಾದಷ್ಟಿದ್ದು ಇದು ಇಲ್ಲದಿದ್ದರೆ ನನಗೆ ಚಿಂತೆ. ಎಬಿಸಿ ಪೂರ್ತಿ ಹೇಳುವ, ಆದರೆ ಅಮ್ಮನನ್ನು ಒಮ್ಮೆಯೂ ಕರೆಯದ ಮಕ್ಕಳು ನನ್ನ ಹತ್ತಿರ ಬರುತ್ತಾರೆ, ಅಪ್ಪ ಅಮ್ಮ "ತುಂಬಾ ಚುರುಕು ಮೇಡಂ" ಅನ್ನುತ್ತಲೇ ಒಳಗೆ ಬರುತ್ತಾರೆ.

ಆಮೇಲೆ ಅರ್ಥ ಆಗುತ್ತಾ ನೋಡಿ. ಕೈಸನ್ನೆ ಮಾಡದೆ, ಕಣ್ಣಲ್ಲೂ ತೋರಿಸದೆ, "ಚಪ್ಪಲಿ ತಗೊಂಡು ಬಾ" ಅನ್ನಿ. ತಂದರೆ ಅವಳೊಳಗೆ ಭಾಷೆ ಕೂತಿದೆ ಅಂತ.

ಪದ ಎಣಿಸುವಾಗ ಎಲ್ಲ ಭಾಷೆಯದನ್ನೂ ಸೇರಿಸಿ. ಬೆಕ್ಕಿಗೆ ತುಳುವಿನಲ್ಲಿ "ಪುಚ್ಚೆ" ಅಂದರೂ ಒಂದು ಪದ, ತೆಲುಗಿನಲ್ಲಿ "ಪಿಲ್ಲಿ" ಅಂದರೂ ಒಂದು ಪದ. ನಾಯಿಗೆ "ಬೌ ಬೌ", ಊಟಕ್ಕೆ "ಬುವ್ವ", ಎಲ್ಲವೂ ಪದವೇ. ಉಚ್ಚಾರ ಸರಿ ಇರಬೇಕಿಲ್ಲ. ಒಂದೇ ವಸ್ತುವಿಗೆ ಪ್ರತಿ ಸಲ ಒಂದೇ ಸದ್ದು ಮಾಡಿದರೆ ಸಾಕು. ಸಿಡಿಸಿಯ ಹೊಸ ಪಟ್ಟಿಯಲ್ಲಿ 18 ತಿಂಗಳಿಗೆ ಕೇಳುವುದು ಅಮ್ಮ ಅಪ್ಪ ಬಿಟ್ಟು ಮೂರು ಪದ ಹೇಳಲು ಪ್ರಯತ್ನ ಮಾಡುತ್ತದಾ ಅಂತ. ಎರಡು ವರ್ಷಕ್ಕೆ ಎರಡು ಪದ ಸೇರಿಸಬೇಕು, "ಹಾಲು ಬೇಕು", "ಅಪ್ಪ ಬಾ" ಹೀಗೆ. ಎರಡೂವರೆ ವರ್ಷಕ್ಕೆ ಸುಮಾರು 50 ಪದ.

ಪ್ಲೇಹೋಮಿನವರ ಮಾತು ದಯವಿಟ್ಟು ಕೇಳಬೇಡಿ. ಬೆಂಗಳೂರಿನಲ್ಲಿ ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡ ಆಗುವುದಿಲ್ಲ. ನಿಮ್ಮ ಅತ್ತೆ ತುಳುವಿನಲ್ಲಿ ಕಥೆ ಹೇಳುವುದನ್ನು ನಿಲ್ಲಿಸಿ, ಅವರಿಗೆ ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಅಂತ ಮೂರು ಪದ ಹೇಳಿದರೆ ಮಗುವಿಗೆ ಸಿಗುತ್ತಿದ್ದ ಮಾತೇ ಕಡಿಮೆಯಾಯಿತು ಅಲ್ವಾ? ಯಾರಿಗೆ ಯಾವ ಭಾಷೆ ಮನಸ್ಸಿನಿಂದ ಬರುತ್ತದೋ ಅದರಲ್ಲೇ ಮಾತಾಡಲಿ.

ಬಜೆ ಬೇಡ. ಅದರಿಂದ ಮಾತು ಬರುವುದಿಲ್ಲ. ತೇಯುವ ಕಲ್ಲು, ನೀರು ಶುದ್ಧವಾಗಿಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಜೇನುತುಪ್ಪದಲ್ಲಿ ತೇಯ್ದು ಕೊಡುವವರೂ ಇದ್ದಾರೆ, ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಇದನ್ನು ಓದುವ ಬೇರೆ ಅಮ್ಮಂದಿರಿಗಾಗಿ ಹೇಳುತ್ತಿದ್ದೇನೆ.

ಕೊನೆಗೆ, ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದ ಮಾತು ನಿಂತರೆ, ಮಾಡುತ್ತಿದ್ದ ಟಾಟಾ ನಿಂತರೆ, ಒಂದು ದಿನವೂ ಕಾಯಬೇಡಿ. ಹಾಗೇ, ಒಂದು ವರ್ಷದೊಳಗೇ ಮಗು ಬರೀ ಒಂದೇ ಕೈ ಬಳಸುತ್ತಿದ್ದರೆ "ಎಡಚ" ಅಂತ ಸುಮ್ಮನಾಗಬೇಡಿ, ಇನ್ನೊಂದು ಕೈಗೆ ಬಲ ಇದೆಯಾ ಅಂತ ತೋರಿಸಿ.

---

ಅಂಗನವಾಡಿ ಟೀಚರ್, ಯಲಹಂಕ ಬರೆದದ್ದು:

ತಂಗಿ, ನಿಮ್ಮ ಹತ್ತಿರ ತಾಯಿ ಕಾರ್ಡ್ ಇದೆಯಾ? ಗರ್ಭಿಣಿಯಾಗಿದ್ದಾಗ ಆಶಾ ಕಾರ್ಯಕರ್ತೆ ಕೊಡುವ ಕಾರ್ಡು. ಅದರಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅಂತ ಚಿತ್ರ ಸಮೇತ ಇರುತ್ತದೆ, ಯಾವಾಗ ಡಾಕ್ಟರ ಹತ್ತಿರ ಹೋಗಬೇಕು ಅಂತಲೂ ಇರುತ್ತದೆ. ಎಷ್ಟೋ ಮನೆಯಲ್ಲಿ ಅದು ಲಸಿಕೆ ತಾರೀಕು ನೋಡಲು ಮಾತ್ರ ಹೊರಗೆ ಬರುತ್ತದೆ. ಓದಲು ಬಾರದ ತಾಯಂದಿರೂ ಆ ಚಿತ್ರ ನೋಡಿ "ಟೀಚರ್, ನನ್ನ ಮಗ ಇದನ್ನು ಮಾಡುತ್ತಿಲ್ಲ" ಅಂತ ನನ್ನ ಹತ್ತಿರ ಬಂದಿದ್ದಾರೆ.

ನಾನು ನೋಡಿದ ಒಂದು ವಿಷಯ ಹೇಳುತ್ತೇನೆ. ಮಗುವಿಗೆ ಆಗುತ್ತಿಲ್ಲ ಅನ್ನುವುದು ಬೇರೆ, ಮಗುವಿಗೆ ಬಿಟ್ಟಿಲ್ಲ ಅನ್ನುವುದು ಬೇರೆ. ಹೋದ ವರ್ಷ ಒಬ್ಬ ತಾಯಿ ಬಂದು ಮಗ ಮೆಟ್ಟಿಲು ಹತ್ತುತ್ತಿಲ್ಲ ಅಂತ ಅತ್ತಳು. ಅವರ ಮನೆ ಒಂದೇ ಕೋಣೆ, ನೆಲಮಟ್ಟದಲ್ಲಿ, ಆ ಮಗು ಮೆಟ್ಟಿಲನ್ನೇ ಕಂಡಿರಲಿಲ್ಲ. ನಮ್ಮ ಕೇಂದ್ರದ ಮೂರು ಮೆಟ್ಟಿಲ ಮೇಲೆ ವಾರ ಆಡಿಸಿದೆ, ಹತ್ತಿದ. ಚಮಚ ಹಿಡಿಯುವುದಿಲ್ಲ ಅನ್ನುತ್ತಾರೆ, ಚೆಲ್ಲುತ್ತದೆ ಅಂತ ಕೈಗೆ ಕೊಟ್ಟೇ ಇರುವುದಿಲ್ಲ. ಎಂಟು ತಿಂಗಳಿಗೂ ಕವುಚಿ ಮಲಗುವುದಿಲ್ಲ ಅನ್ನುತ್ತಾರೆ, ಇಡೀ ದಿನ ತೊಟ್ಟಿಲಲ್ಲಿ, ಇಲ್ಲವೇ ಸೊಂಟದ ಮೇಲೆ. ಇನ್ನೊಂದು ಆ ಚಕ್ರದ ವಾಕರ್. ಬೇಗ ನಡೆಯಲಿ ಅಂತ ತರುತ್ತಾರೆ. ಅದರಿಂದ ಬೇಗ ನಡೆಯುವುದಿಲ್ಲ, ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತವೆ. ಕೆನಡಾ ದೇಶದಲ್ಲಿ 2004ರಲ್ಲೇ ಅದರ ಮಾರಾಟ ನಿಲ್ಲಿಸಿದ್ದಾರೆ ಅಂತ ತರಬೇತಿಯಲ್ಲಿ ಹೇಳಿದ್ದರು, ನಮ್ಮಲ್ಲಿ ಇವತ್ತಿಗೂ ನಾಮಕರಣಕ್ಕೆ ಉಡುಗೊರೆ ಕೊಡುತ್ತಾರೆ.

ನಿಮ್ಮ ಮಗಳಿಗೆ ಮಾತಾಡಲು ಅವಕಾಶ ಇದೆಯಾ ಅಂತಲೂ ನೋಡಿ. "ನೀ" ಅನ್ನುವ ಮೊದಲೇ ನೀರು ಕೊಟ್ಟುಬಿಡುತ್ತೀರಾ? ಆಂಟಿ ಕೆಲಸ ಮುಗಿಸಲು ಫೋನ್ ಕೊಡುತ್ತಾರಾ? ಬೇಜಾರು ಮಾಡಿಕೊಳ್ಳಬೇಡಿ, ಕೇಳಲೇಬೇಕಾದ ಪ್ರಶ್ನೆ.

ಖರ್ಚಿನ ಯೋಚನೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಗೊತ್ತಿರಲಿ, 2013ರಿಂದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಹುಟ್ಟಿನಿಂದ ಬಂದ ತೊಂದರೆ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ತಡ, ಈ ನಾಲ್ಕನ್ನೂ ನೋಡುತ್ತಾರೆ. ಅನುಮಾನ ಇದ್ದರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ, ಹಣ ಕೊಡಬೇಕಿಲ್ಲ. ಅಂಗನವಾಡಿ ಬಡವರಿಗೆ ಮಾತ್ರ ಅಂತ ಅಪಾರ್ಟ್‌ಮೆಂಟಿನವರು ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಹತ್ತಿರದ ಕೇಂದ್ರದಲ್ಲಿ ತಂಡ ಯಾವತ್ತು ಬರುತ್ತದೆ ಅಂತ ಕೇಳಿ, ಕರೆದುಕೊಂಡು ಬನ್ನಿ.

---

ಗಾಂಧಿಬಜಾರ್ ಅಜ್ಜಿ ಬರೆದದ್ದು:

ಮಗಳೇ, ನಿನ್ನ ಅತ್ತೆಯ ಮೇಲೆ ಸಿಟ್ಟಾಗಬೇಡ. ನಮ್ಮ ಕಾಲದಲ್ಲಿ ನಮಗೆ ಗೊತ್ತಿದ್ದದ್ದು ಬಜೆಯೇ. ನಾನೂ ಹಚ್ಚಿದವಳು. ನನ್ನ ಎರಡನೇ ಮಗ ತಡವಾಗಿ ಮಾತಾಡಿದ, ಬಜೆಯಿಂದಲೇ ಬಂತು ಅಂತ ನಲವತ್ತು ವರ್ಷ ನಂಬಿದ್ದೆ. ಮೊಮ್ಮಗನಿಗೆ ಮಾತು ಬಾರದೆ ಹೋದಾಗ, ಸೊಸೆ ನನ್ನ ಮಾತು ಕೇಳದೆ ಡಾಕ್ಟರ ಹತ್ತಿರ ಹೋದಳು. ಆಗ ಬೇಸರವಾಗಿತ್ತು. ಅವಳು ಹೋದದ್ದೇ ಒಳ್ಳೆಯದಾಯಿತು, ಆ ಮಗುವಿಗೆ ಆಟಿಸಂ ಇತ್ತು. ಎರಡು ವರ್ಷಕ್ಕೇ ಗೊತ್ತಾಗಿ, ಎಲ್ಲರೂ ಕೂತು ಹೇಗೆ ಆಡಿಸಬೇಕು ಅಂತ ಕಲಿತೆವು. ನಾನೂ ಕಲಿತೆ, ಅರವತ್ತೆಂಟು ವರ್ಷಕ್ಕೆ.

"ಅವರಪ್ಪನೂ ತಡವಾಗಿ ಮಾತಾಡಿದ್ದ" ಅನ್ನುವ ಮಾತು ಎಲ್ಲ ಮನೆಯಲ್ಲೂ ಇದೆ. ಅದನ್ನು ಡಾಕ್ಟರಿಗೆ ಹೇಳಬೇಕಾದ ವಿಷಯ ಅಂತ ಇಟ್ಟುಕೋ. ಸುಮ್ಮನೆ ಕೂರಲು ಕಾರಣ ಮಾಡಿಕೊಳ್ಳಬೇಡ.

ಒಂದು ಮಾತ್ರ ನಮ್ಮ ಕಾಲದ್ದು ಬಿಡಬೇಡ. ನಾವು ಊಟ ಮಾಡಿಸಲು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಹೊರಗೆ ಬರುತ್ತಿದ್ದೆವು. ಅಗೋ ಚಂದಮಾಮ, ಅಗೋ ಕಾಗೆ, ಅಗೋ ಹಸು ಬಂತು ಅಂತ ತೋರಿಸುವುದು, ಮಗು ಅತ್ತ ನೋಡಿ ಬಾಯಿ ತೆರೆಯುವುದು, ತುತ್ತು ಇಡುವುದು. ಮೇಲೆ ಆ ಥೆರಪಿಸ್ಟ್ ಹುಡುಗಿ ತೋರುಬೆರಳು ಅಂತ ಬರೆದಿದ್ದಾಳಲ್ಲ, ಓದಿದಾಗ ನನಗೆ ಇದೇ ನೆನಪಾಯಿತು. ಈಗ ಚಂದಮಾಮನ ಜಾಗದಲ್ಲಿ ಫೋನ್ ಇಟ್ಟಿದ್ದಾರೆ. ಮಗು ಬಾಯಿ ತೆರೆಯುತ್ತದೆ, ಆದರೆ ಯಾರ ಮುಖವನ್ನೂ ನೋಡುವುದಿಲ್ಲ. ನಮ್ಮ ಡಾಕ್ಟರು ಎರಡು ವರ್ಷದವರೆಗೆ ಫೋನು ಟಿವಿ ಎರಡೂ ಬೇಡ ಅಂದಿದ್ದರು, ಊರಲ್ಲಿರುವವರ ಜೊತೆ ವಿಡಿಯೋ ಕಾಲ್ ಬಿಟ್ಟು.

ಆ ವಾಟ್ಸ್‌ಆ್ಯಪ್ ಗ್ರೂಪನ್ನು ಸ್ವಲ್ಪ ದಿನ ಮ್ಯೂಟ್ ಮಾಡಿಬಿಡು.

---

ಕತ್ರಿಗುಪ್ಪೆ ಅಮ್ಮ ಬರೆದದ್ದು:

ಎಲ್ಲರ ಉತ್ತರವನ್ನೂ ಮೂರು ಸಲ ಓದಿದೆ. ಅಜ್ಜಿ, ನಿಮ್ಮದನ್ನು ಅತ್ತೆಗೂ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಆದರೆ ಸಂಜೆ ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋದರು.

ಆ್ಯಪ್‌ನಲ್ಲಿ ಹುಟ್ಟಿದ ದಿನ ಮಾತ್ರ ಹಾಕಿದ್ದೆ. ಡೆಲಿವರಿಗೆ ಕೊಟ್ಟಿದ್ದ ದಿನಾಂಕ ಹಾಕಲು ಅದರಲ್ಲಿ ಜಾಗವೇ ಇಲ್ಲ. ಅದನ್ನು ತೆಗೆದುಹಾಕಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನಾಲ್ಕು ದಿನ ಎಲ್ಲರೂ ಸೇರಿ ಬರೆದೆವು, ಆಂಟಿಗೂ ಹೇಳಿದ್ದೆ. ಆಂಟಿ ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಪಾರಿವಾಳ ಬಂದರೆ "ಪಿಟ್ಟ" ಅನ್ನುತ್ತಾಳಂತೆ, ಹಾಲಿಗೆ "ಪಾ" ಅನ್ನುತ್ತಾಳಂತೆ. ತೆಲುಗಿನದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಎಲ್ಲ ಸೇರಿ ಒಂಬತ್ತು ಪದ ಆಯಿತು. ಫ್ಯಾನ್ ಹಾಕು ಅಂತ ಬೆರಳು ತೋರಿಸುತ್ತಾಳೆ. ವಿಮಾನ ತೋರಿಸಿ ನಮ್ಮ ಮುಖವನ್ನೂ ನೋಡುತ್ತಾಳೆ, ಇದನ್ನು ನೋಡಿ ನಾನು ಇನ್ನೊಮ್ಮೆ ಅತ್ತುಬಿಟ್ಟೆ, ಇದು ಬೇರೆ ಅಳು.

ಆದರೆ ಒಂದು ವಿಷಯ ಸರಿ ಇಲ್ಲ. ಹಿಂದಿನಿಂದ ಹೆಸರು ಕರೆದರೆ ಹತ್ತಕ್ಕೆ ನಾಲ್ಕೈದು ಸಲ ಮಾತ್ರ ತಿರುಗುತ್ತಾಳೆ. "ಚಪ್ಪಲಿ ತಗೊಂಡು ಬಾ" ಅಂದರೆ ಎದುರಿಗೆ ನಿಂತು ಹೇಳಿದಾಗ ತಂದಳು, ಅಡುಗೆಮನೆಯಿಂದ ಹೇಳಿದಾಗ ಇಲ್ಲ. ಆಟದಲ್ಲಿ ಮುಳುಗಿದ್ದಾಳೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಮುಂದಿನ ಮಂಗಳವಾರ ಕಿವಿ ಪರೀಕ್ಷೆಗೆ ಸಮಯ ತೆಗೆದುಕೊಂಡಿದ್ದೇನೆ. ಅಪ್ಪ ಸರ್, ಮಗು ನಿದ್ದೆ ಮಾಡಬೇಕು ಅಂದರು, ಹೇಗೆ ಮಲಗಿಸಿದಿರಿ?

---

ವಿಜಯನಗರದ ಅಪ್ಪ ಬರೆದದ್ದು:

ಎರಡು ಮೂರು ಥರ ಪರೀಕ್ಷೆ ಇರುತ್ತದೆ ಮೇಡಂ. ಒಂದರಲ್ಲಿ ಕಿವಿಗೆ ಚಿಕ್ಕ ಬಿರಡೆ ಥರದ್ದು ಇಟ್ಟು ಸದ್ದು ಬಿಡುತ್ತಾರೆ, ಒಳಕಿವಿಯಿಂದ ವಾಪಸ್ ಬರುವ ಪ್ರತಿಧ್ವನಿಯನ್ನು ಮೆಷಿನ್ ಹಿಡಿಯುತ್ತದೆ. ಇದು ಓಎಇ. ಇನ್ನೊಂದರಲ್ಲಿ ಕಿವಿಪರದೆಯನ್ನು ಗಾಳಿಯಿಂದ ಸ್ವಲ್ಪ ಒತ್ತಿ ಅದು ಅಲುಗಾಡುತ್ತಾ ನೋಡುತ್ತಾರೆ. ಇವೆರಡೂ ಕೆಲವು ನಿಮಿಷ ಅಷ್ಟೇ. ಬೆರಾ ಅನ್ನುವುದಕ್ಕೆ ಮಾತ್ರ ಮಗು ನಿದ್ದೆಯಲ್ಲಿರಬೇಕು, ತಲೆಗೆ ಅಂಟಿಸುವ ತಂತಿ ಹಾಕಿ ಸದ್ದಿಗೆ ಮಿದುಳು ಕೊಡುವ ಉತ್ತರ ಅಳೆಯುತ್ತಾರೆ.

ನಾವು ಹಿಂದಿನ ರಾತ್ರಿ ಹನ್ನೊಂದರವರೆಗೆ ಎಚ್ಚರ ಇಟ್ಟು ಬೆಳಿಗ್ಗೆ ಐದಕ್ಕೇ ಎಬ್ಬಿಸಿದ್ದೆವು. ಆದರೂ ಕಾರಿನಲ್ಲೇ ಮಲಗಿಬಿಟ್ಟ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ. ಅಲ್ಲಿ ಹೋದಾಗ ನಿದ್ದೆ ಮುಗಿದು ಎದ್ದಿದ್ದ, ಆ ದಿನ ವ್ಯರ್ಥ. ಎರಡನೇ ಸಲ ಹೆಂಡತಿ ಹಿಂದೆ ಕೂತು ದಾರಿಯುದ್ದಕ್ಕೂ ಹಾಡು ಹೇಳಿ ಎಚ್ಚರ ಇಟ್ಟಳು. ನಿಮ್ಮ ಮಗಳ ಹೊದಿಕೆ ತೆಗೆದುಕೊಂಡು ಹೋಗಿ, ಅಲ್ಲೇ ಹೋಗಿ ಊಟ ಮಾಡಿಸಿ.

---

ಮಾತು_ಥೆರಪಿಸ್ಟ್ ಬರೆದದ್ದು:

ನಾಲ್ಕು ದಿನದಲ್ಲಿ ಎಷ್ಟು ಚೆನ್ನಾಗಿ ಗಮನಿಸಿದ್ದೀರಿ! ಆ ನೋಟ್‌ಬುಕ್ ಹಾಗೇ ತೆಗೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಹೊಸ ಮುಖ ನೋಡಿ ಮಗು ಬಾಯಿ ಮುಚ್ಚಿಬಿಡುತ್ತದೆ, ಆದ್ದರಿಂದ ಮನೆಯಲ್ಲಿ ಆಡುವಾಗಿನ ಎರಡು ಮೂರು ಚಿಕ್ಕ ವಿಡಿಯೋನೂ ಇರಲಿ.

ಎದುರಿಗಿದ್ದರೆ ಅರ್ಥವಾಗುತ್ತದೆ, ಇನ್ನೊಂದು ಕೋಣೆಯಿಂದ ಆಗುವುದಿಲ್ಲ ಅನ್ನುವುದನ್ನು ತಪ್ಪದೆ ಹೇಳಿ. ಪದೇ ಪದೇ ಶೀತ ಆಗುತ್ತಾ ಅವಳಿಗೆ? ಅದನ್ನೂ ಹೇಳಿ.

ಬೇರೆ ಓದುಗರು ಎಲ್ಲಿ ಹೋಗಬೇಕು ಅಂತ ನನಗೆ ಸಂದೇಶ ಕಳಿಸುತ್ತಿದ್ದಾರೆ. ನಿಮ್ಹಾನ್ಸ್‌ನಲ್ಲಿ ಮಾತು ಮತ್ತು ಶ್ರವಣ ವಿಭಾಗವೂ ಇದೆ, ಮಕ್ಕಳ ಮನೋವೈದ್ಯ ವಿಭಾಗವೂ ಇದೆ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಅದರ ಹತ್ತಿರವೇ. ಹೆಣ್ಣೂರು ರಸ್ತೆ ಕಡೆಯವರಿಗೆ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ. ಮೈಸೂರಿಗೆ ಹೋಗಿಬರಲು ಆಗುವವರಿಗೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅದು 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ.

---

ಕತ್ರಿಗುಪ್ಪೆ ಅಮ್ಮ, ಮೂರು ವಾರದ ನಂತರ ಬರೆದದ್ದು:

ಪರೀಕ್ಷೆ ಆಯಿತು. ಎರಡೂ ಕಿವಿಯಲ್ಲಿ ಪರದೆಯ ಹಿಂದೆ ನೀರು ತುಂಬಿಕೊಂಡಿದೆ. ಕಿವಿ ಸೋರಿಲ್ಲ, ನೋವು ಅಂತ ಅತ್ತಿಲ್ಲ, ನಮಗೆ ಗೊತ್ತಾಗುವ ಹಾಗೇ ಇರಲಿಲ್ಲ. ಡಿಸೆಂಬರಿನಿಂದ ನಾಲ್ಕು ಸಲ ಶೀತ ಆಗಿತ್ತು, ಅದೇ ಕಾರಣ ಇರಬಹುದು ಅಂದರು. ಬೆರಾದಲ್ಲಿ ಒಳಕಿವಿ, ನರ ಎರಡೂ ಸರಿ ಇದೆ ಅಂತ ಬಂತು. ನೀರು ಎಷ್ಟೋ ಮಕ್ಕಳಲ್ಲಿ ತಾನಾಗಿ ಹೋಗುತ್ತದಂತೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ, ಹೋಗದಿದ್ದರೆ ಮುಂದಿನದು ಯೋಚನೆ ಮಾಡೋಣ ಅಂದರು.

ಥೆರಪಿಸ್ಟ್ ಒಬ್ಬರನ್ನೂ ನೋಡಿದೆವು. ತಿಳುವಳಿಕೆ ವಯಸ್ಸಿಗೆ ತಕ್ಕ ಹಾಗಿದೆ, ಈಗ ವಾರ ವಾರ ಥೆರಪಿ ಬೇಡ, ಎರಡು ವರ್ಷ ತುಂಬಿದಾಗ ಮತ್ತೆ ಬನ್ನಿ ಅಂದರು. ಅಲ್ಲಿಯವರೆಗೆ ದೂರದಿಂದ ಕೂಗಬಾರದು, ಹತ್ತಿರ ಹೋಗಿ, ಅವಳ ಎತ್ತರಕ್ಕೆ ಕೂತು, ಮುಖ ಕಾಣುವ ಹಾಗೆ ಮಾತಾಡಬೇಕು. ಟಿವಿ ಆಫ್ ಮಾಡಿ ಮಾತಾಡಬೇಕು. ಏನಾದರೂ ಕೇಳಿದಾಗ ತಕ್ಷಣ ಕೊಡದೆ ಮನಸ್ಸಿನಲ್ಲೇ ಐದು ಎಣಿಸಿ ಕಾಯಬೇಕು, ಇದು ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು. ಪ್ಲೇಹೋಮನ್ನು ಜೂನ್‌ವರೆಗೆ ಮುಂದಕ್ಕೆ ಹಾಕಿದ್ದೇವೆ, ಶೀತ ಜಾಸ್ತಿ ಆಗುತ್ತದೆ ಅಂತ. ಇಂಗ್ಲಿಷ್ ಅನ್ನು ಕೈಬಿಟ್ಟೆವು.

ಅಂಗನವಾಡಿ ಟೀಚರ್ ಅಕ್ಕ, ನೀವು ಕೇಳಿದ ಪ್ರಶ್ನೆಗೆ ಉತ್ತರ ಹೇಳಿರಲಿಲ್ಲ. ಹೌದು, ಮಧ್ಯಾಹ್ನ ಫೋನ್ ಕೊಡುತ್ತಿದ್ದರು, ದಿನಕ್ಕೆ ಸುಮಾರು ಒಂದೂವರೆ ಗಂಟೆ. ನಾನೇ ಹೂಂ ಅಂದಿದ್ದೆ. ಈಗ ಆಂಟಿ ಅವಳಿಗೆ ಒಂದು ಬಟ್ಟಲು ಬಟಾಣಿ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡು ಸುಲಿಯುತ್ತಾರೆ, ಕಾಳು ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳುತ್ತಾ, ತೆಲುಗಿನಲ್ಲಿ ಅದೇನೋ ಮಾತಾಡುತ್ತಾ.

ನಿನ್ನೆ ಸಂಜೆ ಅತ್ತೆಯ ಸೊಂಟದ ಮೇಲೆ ಕೂತು ಕೆಳಗಿನ ಬೆಕ್ಕಿಗೆ ಬೆರಳು ಮಾಡಿ "ಪುಚ್ಚೆ ಬಾ" ಅಂದಳು. ನೋಟ್‌ಬುಕ್‌ನಲ್ಲಿ ಅತ್ತೆಯೇ ಬರೆದಿದ್ದಾರೆ, ತಾರೀಕು ಸಮೇತ.